ತೆಂಕಿನಿಂದ ಬರುವ ಬಸ್ಸು

ಆಗ ನನಗೆ ಹತ್ತೊಂಬತ್ತು. ಅದಕ್ಕೆ ಈಗ ಅರುವತ್ತೇಳು ವರ್ಷ ಆಯಿತು.

ಮೊನ್ನೆ ಮೊಮ್ಮಗಳು ಮೊಬೈಲು ನೋಡುತ್ತಾ ಹೇಳಿದಳು, ಯಾವುದೋ ಚಳಿ ದೇಶದಲ್ಲಿ ಒಂದೇ ದಿನದಲ್ಲಿ ಎಲ್ಲ ಗಾಡಿಗಳನ್ನೂ ರಸ್ತೆಯ ಆ ಬದಿಯಿಂದ ಈ ಬದಿಗೆ ಹಾಕಿದರಂತೆ. ಇಡೀ ದೇಶಕ್ಕೆ ದೇಶ. "ಅಜ್ಜೀ, ರಸ್ತೆ ದಾಟುವವರು ಕ್ಯಾ ಕಿಯೇ ಹೋಂಗೇ?" ಏನು ಮಾಡಿರಬೇಕು ಅಂತ ಕೇಳಿದಳು. ಅವಳ ಕನ್ನಡ ಅರ್ಧ ದಾರಿಯಲ್ಲಿ ಇಳಿದು ಹಿಂದಿ ಹತ್ತುತ್ತದೆ. ದೇಶದ ಸಂಗತಿ ನನಗೆ ಗೊತ್ತಿಲ್ಲ. ಮುಂಬಯಿಯ ವಡಾಲದಲ್ಲಿ ನಮ್ಮ ಚಾಳಿನ ಎದುರಿನ ಒಂದು ರಸ್ತೆಯ ಸಂಗತಿ ಗೊತ್ತುಂಟು. ಅದು ತಿರುಗಿದಾಗ ನನ್ನ ಅತ್ತೆ ಗಂಟು ಕಟ್ಟಿ ಊರಿಗೆ ಹೋಗುವ ಹಾಗೆ ಆಗಿತ್ತು. ಅದನ್ನು ಬರೆಯುತ್ತೇನೆ. ಎರಡನೇ ಕ್ಲಾಸಿನವರೆಗೆ ಹೋದವಳು ನಾನು, ತಪ್ಪಿದಲ್ಲಿ ಓದುವವರೇ ಸರಿ ಮಾಡಿಕೊಳ್ಳಿ.

ಮದುವೆಯಾದ ಮಳೆಗಾಲ ಕಳೆದ ಮೇಲೆ ಉಡುಪಿ ಕಡೆಯಿಂದ ಮುಂಬಯಿಗೆ ಬಂದೆ. ಗಂಡ ಪೇಟೆಯ ಆ ತುದಿಯ ಫೋರ್ಟಿನಲ್ಲಿ ಒಂದು ಹೋಟೆಲಿನ ಅಡಿಗೆಗೆ ಇದ್ದರು. ಊಟ ನಿದ್ರೆ ಎಲ್ಲ ಅಲ್ಲೇ. ವಾರಕ್ಕೊಮ್ಮೆ ರಜೆ ಸಿಕ್ಕಿದ ದಿನ ಲೋಕಲ್ ಹಿಡಿದು ಮನೆಗೆ ಬರುವುದು. ಉಳಿದ ಆರು ದಿನ ಚಾಳಿನ ಕೋಣೆಯಲ್ಲಿ ನಾನು ಮತ್ತು ಅತ್ತೆ.

ಅತ್ತೆಗೆ ಎರಡು ಕಣ್ಣಿಗೂ ಪೊರೆ. ಹಗಲಲ್ಲಿ ಎದುರಿಗೆ ನಿಂತದ್ದು ಮನುಷ್ಯನೋ ಕಂಬವೋ ಅಂತ ತಿಳಿಯುವಷ್ಟು ಕಾಣುತ್ತಿತ್ತು, ಮಬ್ಬಿನಲ್ಲಿ ಅದೂ ಇಲ್ಲ. ಆದರೂ ದಿನಾ ಬೆಳಿಗ್ಗೆ ಐದೂವರೆಗೆ ರಸ್ತೆ ದಾಟಿ ಎದುರಿನ ಹೋಟೆಲಿಗೆ ಕೆಲಸಕ್ಕೆ ಹೋಗುತ್ತಿದ್ದರು. ಕಾಯಿ ಒಡೆಯುವುದು, ತುರಿಯುವುದು, ಮೆಟ್ಟುಕತ್ತಿಯ ಮೇಲೆ ಕೂತು ತರಕಾರಿ ಹೆಚ್ಚುವುದು. ಅದಕ್ಕೆ ಕಣ್ಣು ಬೇಡ, ಬೆರಳು ಸಾಕು. ಹೋಟೆಲಿನ ಧನಿಗಳೂ ನಮ್ಮ ಕಡೆಯವರು. ಅವರಲ್ಲಿ ಒಂದು ಕ್ರಮ. ದಿನದ ಮೊದಲ ಕಾಯಿಯನ್ನು ಮೆಟ್ಟಿಲ ಪಕ್ಕದ ಕರಿಕಲ್ಲಿನ ಮೇಲೆ ಅತ್ತೆಯೇ ಒಡೆಯಬೇಕು, ಆಮೇಲೆ ಒಲೆಗೆ ಬೆಂಕಿ. ಟಕ್, ಟಕ್, ಎರಡೇ ಪೆಟ್ಟು. ರಸ್ತೆಯ ಈಚೆ ನಮ್ಮ ಚಾಳಿನ ನಲ್ಲಿಯ ಹತ್ತಿರ ನಿಂತವರಿಗೂ ಕೇಳುತ್ತಿತ್ತು.

ನಾನು ಅವರ ಕೈಹಿಡಿದು ದಾಟಿಸಬಹುದಿತ್ತಲ್ಲ ಅಂತ ಕೇಳುವವರಿಗೆ ಹೇಳುತ್ತೇನೆ. ಚಾಳಿನ ನಲ್ಲಿಯಲ್ಲಿ ನೀರು ಬರುವುದು ಐದರಿಂದ ಆರು. ಮೂವತ್ತು ಮನೆಗೆ ಒಂದು ನಲ್ಲಿ. ಸಾಲು ಬಿಟ್ಟರೆ ಆ ದಿನ ಕುಡಿಯಲಿಕ್ಕೂ ಇಲ್ಲ. ಮತ್ತೊಂದು, ಅತ್ತೆ ಕೈ ಕೊಡುವ ಜಾತಿಯವರಲ್ಲ. "ನಿನ್ನ ಕೈ ಹಿಡ್ದು ಹೋಗುವ ದಿನ ಬಂದ್ರೆ ನಾನು ಹೋಗುದೇ ಇಲ್ಲ" ಅನ್ನುತ್ತಿದ್ದರು. ಹೋಗದೆ ಇದ್ದರೆ ಏನು ಅಂತ ಇಬ್ಬರಿಗೂ ಗೊತ್ತಿತ್ತು. ಊರಿನಲ್ಲಿ ಅವರ ತಮ್ಮನ ಮನೆ. ಆ ಮನೆಯ ಹಿಂದಿನ ಜಗಲಿಯ ಮೂಲೆಯಲ್ಲಿ ಒಂದು ಚಾಪೆ, ಯಾರಾದರೂ ತಂದಿಟ್ಟರೆ ಊಟ. ಅದನ್ನು ಬಿಟ್ಟೇ ಅವರು ಹನ್ನೆರಡು ವರ್ಷದ ಹಿಂದೆ ಮುಂಬಯಿಗೆ ಬಂದದ್ದು.

ನನಗೆ ರಸ್ತೆ ದಾಟಲು ಕಲಿಸಿದ್ದು ಆ ಕಣ್ಣು ಕಾಣದ ಹೆಂಗಸು. ಊರಿನಲ್ಲಿ ನಾನು ದಾಟಿದ್ದು ಗದ್ದೆಯ ಬದುವಿನ ಹುಣಿ, ತೋಡಿಗೆ ಹಾಕಿದ ಮರದ ಸಂಕ. ಬಂದ ಮಾರನೆ ದಿನ ಫುಟ್‌ಪಾತಿನ ಅಂಚಿನಲ್ಲಿ ನಿಲ್ಲಿಸಿ ನನ್ನ ಬಲಗೈ ಎತ್ತಿ ಹಿಡಿದರು.

"ಇದು ಎಂತ?"

"ಕೈ."

"ಎಂತ ಮಾಡುವ ಕೈ?"

"ಉಣ್ಣುವ ಕೈ."

"ಹಾಂ. ಮೊದಲು ಉಣ್ಣುವ ಕೈಯ ಬದಿಗೆ ಕಿವಿ ಕೊಡು. ಏನೂ ಇಲ್ಲದಿದ್ರೆ ನಡುವಿಗೆ ಹೋಗು. ನಡುವಿಗೆ ಹೋದ ಮೇಲೆ ತೊಳೆಯುವ ಕೈಯ ಬದಿಗೆ ಕಿವಿ ಕೊಡು. ಹೋಗುವಾಗ್ಲೂ ಅಷ್ಟೆ, ಬರುವಾಗ್ಲೂ ಅಷ್ಟೆ. ಇಷ್ಟು ಬಂದ್ರೆ ಮುಂಬಯಿ ಬಂತು."

ಅಷ್ಟೇ ಪಾಠ. ನಿಜ ಹೇಳುತ್ತೇನೆ, ಆಮೇಲೆ ಎಷ್ಟೋ ಜನ ನನಗೆ ಎಷ್ಟೋ ಹೇಳಿಕೊಟ್ಟಿದ್ದಾರೆ, ಇಷ್ಟು ಉಪಯೋಗಕ್ಕೆ ಬಂದದ್ದು ಯಾವುದೂ ಇಲ್ಲ. ಇವತ್ತು ನಾನು ಬದುಕಿ ಕೂತು ಬರೆಯುವುದು ಉಣ್ಣುವ ಕೈಯ ದೆಸೆಯಿಂದ.

ಅದೇ ದಿನ ಚಾಪೆ ಹಾಸುವುದನ್ನೂ ಹೇಳಿದರು. "ತಲೆ ಈ ಗೋಡೆಗೆ." ನಾನು ನೋಡಿದೆ. ಅದು ಬಡಗಿನ, ಉತ್ತರದ ಗೋಡೆ. ನಮ್ಮಲ್ಲಿ ಬಡಗಿಗೆ ತಲೆ ಹಾಕಿ ಯಾರೂ ಮಲಗುವುದಿಲ್ಲ, ಹೆಣವನ್ನು ಮಲಗಿಸುವುದು ಹಾಗೆ. ಆದರೆ ಹೊಸತಾಗಿ ಬಂದವಳು, ಬಾಯಿ ಬಿಡಲಿಲ್ಲ. ಮುಂಬಯಿಯಲ್ಲಿ ಹೀಗೆಯೇ ಕ್ರಮ ಇರಬೇಕು ಅಂದುಕೊಂಡು ಹಾಸಿದೆ.

ಮುಂದಿನ ಬೇಸಿಗೆಗೆ ನಮ್ಮ ಚಾಳಿನ ಹಿಂಬದಿಯ ರಸ್ತೆಯನ್ನು ನೀರಿನ ದೊಡ್ಡ ಪೈಪು ಹಾಕಲಿಕ್ಕೆ ಅಗೆದರು. ಒಂದು ಜೀಪಿನಲ್ಲಿ ಭೋಂಗಾ, ಕೂಗುವ ಮೈಕು, ಕಟ್ಟಿಕೊಂಡು ಬಂದು ಮರಾಠಿಯಲ್ಲೂ ಹಿಂದಿಯಲ್ಲೂ ಕೂಗಿದರು. ಸೋಮವಾರದಿಂದ ನಮ್ಮ ರಸ್ತೆ ವನ್‌ವೇ. ಬಸ್ಸು, ಲಾರಿ, ಟ್ಯಾಕ್ಸಿ ಎಲ್ಲ ಒಂದೇ ತುದಿಯಿಂದ ಬರುವುದು, ವಾಪಸು ಹೋಗುವುದು ಸುತ್ತಿನ ರಸ್ತೆಯಲ್ಲಿ. ಎಷ್ಟು ದಿನ ಅಂತ ಅವರು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ನಾನು ಒಲೆಯ ಮುಂದೆ ಕೂತು ಯೋಚಿಸಿದೆ. ಇನ್ನು ಗಾಡಿಗಳು ಅತ್ತೆ ಹೋಗುವಾಗ ತೊಳೆಯುವ ಕೈಯಿಂದ ಬರುತ್ತವೆ, ವಾಪಸು ಬರುವಾಗ ಉಣ್ಣುವ ಕೈಯಿಂದ. ಹಾಗಂತ ಅತ್ತೆಗೆ ಹೇಳಿದೆ.

"ಹೋಗುವಾಗ ಒಂದು ಕೈ, ಬರುವಾಗ ಮತ್ತೊಂದು ಕೈಯಾ? ಬೆಳಿಗ್ಗೆ ಎದ್ದ ಕೂಡ್ಲೆ ನಾನು ಹೋಗುವವಳೋ ಬರುವವಳೋ ಅಂತ ಲೆಕ್ಕ ಹಾಕ್ತಾ ಕೂತ್ರೆ ಕಾಯಿ ತುರಿಯುದು ಯಾರು?"

ಆಗ ನನ್ನ ತಲೆಗೆ ಒಂದು ಹೊಳೆಯಿತು. ನಮ್ಮ ಊರಿನಲ್ಲಿ ಎಡ ಬಲ ಅಂತ ಹೇಳುವ ಕ್ರಮವೇ ಇಲ್ಲ, ಎಲ್ಲ ದಿಕ್ಕಿನ ಮೇಲೆ. ಚೆಂಬನ್ನು ಸ್ವಲ್ಪ ತೆಂಕಿಗೆ ಸರಿಸು, ದನವನ್ನು ಮೂಡು ಬದಿಗೆ ಕಟ್ಟು, ನಿನ್ನ ಪಡು ಬದಿಯ ಕೆನ್ನೆಯಲ್ಲಿ ಅನ್ನ ಅಂಟಿದೆ, ಹೀಗೆ. ಅತ್ತೆ ಅದನ್ನು ಮುಂಬಯಿಗೆ ಬಂದ ಮೇಲೆ ಬಿಟ್ಟಿದ್ದರು. ಆದರೆ ಹುಟ್ಟಿದ್ದು ಅದರಲ್ಲೇ ತಾನೆ.

"ಕೈ ಬಿಡಿ ಅತ್ತೆ," ಅಂದೆ. "ಎಲ್ಲ ಗಾಡಿಯೂ ತೆಂಕಿನಿಂದ ಬರುದು. ನೀವು ಹೋಗಿ, ಬನ್ನಿ, ತಿರುಗಿ ನಿಲ್ಲಿ, ತೆಂಕು ತೆಂಕೇ ಅಲ್ವಾ?"

ಅತ್ತೆಯ ಮುಖ ಅರಳಿತು. "ಇದು ಬುದ್ಧಿವಂತರ ಮಾತು. ತೆಂಕಲ್ವಾ? ಹಾಗಾದ್ರೆ ಹೋಗುವಾಗ ಮೊದಲಿನ ಹಾಗೇ ಆಯ್ತು."

ಮೊದಲಿನ ಹಾಗೆ ಹೇಗೆ ಆಗುತ್ತದೆ ಅಂತ ನಾನು ಆಗಲೇ ಕೇಳಬೇಕಿತ್ತು. ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅತ್ತೆ ನನ್ನನ್ನು ಬುದ್ಧಿವಂತೆ ಅಂದದ್ದು ಅದೇ ಮೊದಲು, ಅದರಲ್ಲೇ ಇದ್ದೆ.

ಸೋಮವಾರ, ಮಂಗಳವಾರ ಒಬ್ಬ ಪೊಲೀಸ್ ಹವಾಲ್ದಾರ ಸೀಟಿ ಹಿಡಿದು ನಿಂತು ಗಾಡಿಗಳನ್ನು ತಡೆದು ಜನರನ್ನು ದಾಟಿಸಿದ. ಏನೂ ಆಗಲಿಲ್ಲ. ಬುಧವಾರ ಹವಾಲ್ದಾರ ಇಲ್ಲ.

ನಾನು ಸಾಲಿನಲ್ಲಿ ನಾಲ್ಕನೆಯವಳು. ಇನ್ನೂ ಬೆಳಕು ಹರಿದಿರಲಿಲ್ಲ. ಅತ್ತೆ ಎಲೆಯಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಚಿನಲ್ಲಿ ನಿಂತರು. ಮುಖ ತಿರುಗಿಸಿ ಕಿವಿ ಕೊಟ್ಟರು. ಕಿವಿ ಕೊಟ್ಟದ್ದು ಬಲಕ್ಕೆ. ಆ ಬದಿಯಲ್ಲಿ ಏನು ಬರುತ್ತದೆ? ರಸ್ತೆ ಖಾಲಿ. ತೊಳೆಯುವ ಕೈಯ ಬದಿಯಿಂದ ಲೈಟು ಹಾಕಿಕೊಂಡು ಬಸ್ಸು ಬರುತ್ತಿತ್ತು. ಅತ್ತೆ ಕಾಲು ಎತ್ತಿ ಇಳಿದೇ ಬಿಟ್ಟರು.

ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಬ್ರೇಕಿನ ಸದ್ದು ನೆನಪಿದೆ. ಬಿಂದಿಗೆ ಹಾಕಿ ಓಡಿದೆ. ಬಸ್ಸಿನ ಮೂತಿ ಅತ್ತೆಯಿಂದ ಒಂದು ಮೊಳ ದೂರದಲ್ಲಿ ನಿಂತಿತ್ತು. ಅತ್ತೆ ಬಿದ್ದಿರಲಿಲ್ಲ, ನೆಟ್ಟಗೆ ನಿಂತಿದ್ದರು. ಚೀಲ ಮಾತ್ರ ಕೆಳಗೆ.

ಡ್ರೈವರ್ ಇಳಿದು ಬಂದ. ದೊಡ್ಡ ಮೀಸೆ. ಬೈಯುತ್ತಾನೆ ಅಂದುಕೊಂಡೆ. ಅವನು ಅತ್ತೆಯ ಗಲ್ಲ ಹಿಡಿದು ಮುಖವನ್ನು ಬಸ್ಸಿನ ಕಡೆಗೆ ತಿರುಗಿಸಿದ. "ಆಜೀ, ತಿಕಡೇ ನಾಹೀ. ಇಕಡೇ ಬಘಾ." ಆ ಕಡೆ ಅಲ್ಲ, ಈ ಕಡೆ ನೋಡಿ ಅಂತ.

"ನನ್ನ ಚೀಲ ಎಲ್ಲಿ?" ಅಂದರು ಅತ್ತೆ, ಕನ್ನಡದಲ್ಲೇ.

ಅವನಿಗೆ ಏನು ತಿಳಿಯಿತೋ, ಬಗ್ಗಿ ಗಾಲಿಯ ಹತ್ತಿರದಿಂದ ಚೀಲ ಹೆಕ್ಕಿ, ಧೂಳು ಕೊಡವಿ ಕೈಗೆ ಕೊಟ್ಟ. ಬಸ್ಸಿನ ಒಳಗಿಂದ ಒಬ್ಬ, ಡ್ಯೂಟಿಗೆ ಲೇಟಾಗುತ್ತದೆ, ಮುದುಕಿಗೆ ಸಾಯಲಿಕ್ಕೆ ನಮ್ಮ ಬಸ್ಸೇ ಬೇಕಿತ್ತಾ ಅಂತ ಕೂಗಿದ. ಡ್ರೈವರ್ ತಿರುಗಿ ನೋಡದೆ, "ಜಲ್ದೀ ಹೈ ತೋ ಉತರ್ ಕೇ ಪೈದಲ್ ಜಾ", ಅವಸರ ಇದ್ದರೆ ಇಳಿದು ನಡೆದು ಹೋಗು ಅಂದು, ಅತ್ತೆಯನ್ನು ಹೋಟೆಲಿನ ಮೆಟ್ಟಿಲವರೆಗೆ ನಡೆಸಿ ಬಿಟ್ಟು ಬಂದು ಗಾಡಿ ಹತ್ತಿದ. ನಾನು ಅವನಿಗೆ ಒಂದು ಮಾತು ಹೇಳಲಿಲ್ಲ, ಮಾತಾಡುವಷ್ಟು ಭಾಷೆಯೂ ಬರುತ್ತಿರಲಿಲ್ಲ. ಆಮೇಲೆ ಅವನನ್ನು ನೋಡಿಲ್ಲ. ಇಷ್ಟು ವರ್ಷದಲ್ಲಿ ಬಸ್ಸು ಹತ್ತಿದಾಗಲೆಲ್ಲ ಡ್ರೈವರಿನ ಬೆನ್ನಿಗೆ ಒಂದು ಸಲ ಮನಸ್ಸಿನಲ್ಲೇ ಕೈಮುಗಿದು ಕೂರುತ್ತೇನೆ. ಅವನಿಗೆ ಸಲ್ಲಬೇಕಾದದ್ದು ಯಾವನಿಗೋ ಸಲ್ಲುತ್ತದೆ, ಸಲ್ಲಲಿ.

ಧನಿಗಳು ಬಾಗಿಲಲ್ಲೇ ನಿಂತು ಎಲ್ಲ ನೋಡಿದ್ದರು.

"ಅಮ್ಮಾ, ಇದು ನನ್ನಿಂದ ಆಗುದಿಲ್ಲ," ಅಂದರು. "ದಿನಾ ಬೆಳಿಗ್ಗೆ ಎದೆ ಹಿಡ್ಕೊಂಡು ಬಾಗಿಲು ತೆಗಿಯುದು ಹೇಗೆ? ನೀವು ಊರಿಗೆ ಹೋಗಿ. ಮಗನಿಗೆ ನಾನೇ ಹೇಳ್ತೇನೆ."

"ಊರಿನಲ್ಲಿ ನನ್ನ ಕಾಯಿ ಯಾರು ಕಾಯ್ತಿದ್ದಾರೆ?"

"ಅದು ನಂಗೊತ್ತಿಲ್ಲ. ಇಲ್ಲಿ ನಿಮ್ಮ ಹೆಣ ನೋಡ್ಲಿಕ್ಕೆ ನಂಗಾಗುದಿಲ್ಲ."

ಅತ್ತೆ ಚೀಲವನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು. "ನಾಳೆ ಒಂದು ದಿನ ಕೊಡಿ. ಒಬ್ಬಳೇ ದಾಟಿ ಬರ್ತೇನೆ. ಬರ್ಲಿಕ್ಕಾಗದಿದ್ರೆ ನಾನೇ ಹೊರಡ್ತೇನೆ, ನೀವು ಹೇಳುದು ಬೇಡ."

ಧನಿಗಳು ನನ್ನನ್ನು ನೋಡಿದರು, ರಸ್ತೆಯನ್ನು ನೋಡಿದರು. "ನಾಳೆ ನಾನು ಇದೇ ಬಾಗಿಲಲ್ಲಿ ನಿಲ್ತೇನೆ. ನಾನು ಮೆಟ್ಟಿಲು ಇಳಿದು ಓಡಿ ಬರುವ ಹಾಗೆ ಆದ್ರೆ, ಅಲ್ಲಿಗೆ ಮುಗೀತು." ಆ ದಿನ ಕೆಲಸ ಬೇಗ ಬಿಡಿಸಿ ಮೂರು ಗಂಟೆಗೇ ಮನೆಗೆ ಕಳಿಸಿದರು. ನಾನು ಹೋಗಿ ಕರೆದುಕೊಂಡು ಬಂದೆ. ಅತ್ತೆ ಕೈ ಕೊಟ್ಟರು. ಅದರಿಂದ ನನಗೆ ಬಸ್ಸಿಗಿಂತ ಹೆಚ್ಚು ಹೆದರಿಕೆಯಾಯಿತು.

ಚಾಳಿನ ಬದಿಯ ಅಂಚಿಗೆ ಬಂದ ಮೇಲೆ ಅವರನ್ನು ಬೆಳಿಗ್ಗೆ ನಿಂತ ಹಾಗೆಯೇ, ಹೋಟೆಲಿಗೆ ಮುಖ ಮಾಡಿ ನಿಲ್ಲಿಸಿದೆ. "ತೆಂಕು ಅಂತ ಹೇಳಿದ್ದೆನಲ್ಲ ಅತ್ತೆ. ನೀವು ಯಾಕೆ ಬಡಗಿಗೆ ಕಿವಿ ಕೊಟ್ಟದ್ದು?"

"ನಾನು ತೆಂಕಿಗೇ ಕೊಟ್ಟದ್ದು."

"ತೆಂಕು ತೋರಿಸಿ ನೋಡುವ."

ಒಂದು ಚೂರೂ ಅನುಮಾನ ಇಲ್ಲದೆ ಉಣ್ಣುವ ಕೈಯನ್ನು ನೀಡಿ ಬಡಗು ತೋರಿಸಿದರು.

"ಅದು ಹೇಗೆ ತೆಂಕು?"

"ಎಂತ ಮಾರಾಯ್ತಿ ನೀನು? ಕಡಲು ನನ್ನ ಬೆನ್ನಿಗೆ ಉಂಟು. ದಿನಾ ಹಡಗಿನ ಕೂಗು ಕೇಳ್ತದೆ, ಉಪ್ಪಿನ ಗಾಳಿ ಬರ್ತದೆ. ಕಡಲು ಇದ್ದದ್ದು ಪಡು. ಬೆನ್ನು ಪಡುವಿಗೆ ಹಾಕಿ ನಿಂತ್ರೆ ತೆಂಕು ಉಣ್ಣುವ ಕೈಗೆ ಬರ್ಲೇಬೇಕು."

ನಮ್ಮ ಕಡೆ ಹುಟ್ಟಿದವರಿಗೆ ಕಡಲು ಅಂದರೆ ಪಡು, ಹೊತ್ತು ಮುಳುಗುವ ಜಾಗ. ಅದರಲ್ಲಿ ಕೇಳಲಿಕ್ಕೆ ಏನಿದೆ? ಆದರೆ ವಡಾಲದಲ್ಲಿ ಹಡಗು ಬರುವ ಬಂದರು, ಉಪ್ಪಿನ ಗದ್ದೆ ಎಲ್ಲ ಇರುವುದು ಮೂಡಿಗೆ. ನಾನು ದಿನಾ ನೀರಿನ ಕೆಲಸ ಮುಗಿಸುವಾಗ ಆ ಬದಿಯಿಂದ ಬೆಳಕು ಹರಿಯುವುದನ್ನು ನೋಡುವವಳು, ಅದಕ್ಕೆ ತಪ್ಪಿರಲಿಲ್ಲ. ಅತ್ತೆ ಬೆಳಕು ಹರಿಯುವ ಮೊದಲು ಹೋಟೆಲು ಸೇರುವವರು, ಕತ್ತಲಾದ ಮೇಲೆ ಬರುವವರು. ಮಧ್ಯಾಹ್ನ ಮಲಗುವುದು ಅಲ್ಲೇ ಉಗ್ರಾಣದ ಗೋಣಿಯ ಮೇಲೆ. ನಮ್ಮ ಕೋಣೆಯ ಕಿಟಿಕಿಗೆ ಪಕ್ಕದ ಬಿಲ್ಡಿಂಗಿನ ಗೋಡೆ. ಹನ್ನೆರಡು ವರ್ಷ ಮುಂಬಯಿಯ ಹೊತ್ತು ಅವರ ಮುಖಕ್ಕೆ ಬಿದ್ದದ್ದೇ ಅಪರೂಪ.

"ಈಗ ಗಂಟೆ ಎಷ್ಟು?" ಕೇಳಿದೆ.

"ಮೂರು ಕಳಿದಿರ್ಬೇಕು."

"ಮೂರು ಗಂಟೆಗೆ ಹೊತ್ತು ಯಾವ ಬದಿಗೆ ಇರ್ತದೆ?"

"ಪಡು ಬದಿಗೆ. ಇದೆಂತ ಪರೀಕ್ಷೆ?"

"ಬಿಸಿಲು ಎಲ್ಲಿ ತಾಗ್ತಾ ಉಂಟು ನಿಮಗೆ?"

ಬಿಸಿಲು ಹೋಟೆಲಿನ ಮಾಡಿನ ಮೇಲಿನಿಂದ ಸೀದಾ ಅತ್ತೆಯ ಹಣೆಗೆ ಬೀಳುತ್ತಿತ್ತು. ಸೆರಗು ಸರಿಸಿ ಹಣೆ ಮುಟ್ಟಿಕೊಂಡರು, ಕೆನ್ನೆ ಮುಟ್ಟಿಕೊಂಡರು. ಆಗಲೇ ಬೆನ್ನ ಹಿಂದೆ ದೂರದಲ್ಲಿ ಒಂದು ಹಡಗು ಕೂಗಿತು. ಅವರು ತಿರುಗಿ ಅದಕ್ಕೆ ಮುಖ ಕೊಟ್ಟರು, ಮತ್ತೆ ಬಿಸಿಲಿಗೆ ಮುಖ ಕೊಟ್ಟರು.

"ಇಲ್ಲಿ ಕಡಲು ಮೂಡಾ?"

"ಈ ಬದಿಯದ್ದು ಮೂಡು."

"ಇದೆಂತ ಊರು ಮಾರಾಯ್ತಿ." ಮತ್ತೆ ನನ್ನ ಕಡೆ ತಿರುಗಿ, "ಹಾಗಾದ್ರೆ ನಮ್ಮ ಚಾಪೆ?"

"ಬಡಗಿಗೆ ತಲೆ."

"ಹನ್ನೆರಡು ವರ್ಷ?"

"ನನ್ನದು ಏಳು ತಿಂಗಳು."

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು. ಮುಂಬಯಿ ಕ್ರಮ ಅಂದುಕೊಂಡೆ."

"ಬಾಯಿ ಹೊಲಿದು ಕಳಿಸಿದ್ರಾ ನಿನ್ನನ್ನು ತವರಿನವರು? ಒಂದು ಮಾತು ಹೇಳಿದ್ರೆ ಇವತ್ತು ಆ ಮೀಸೆಯವನು ನನ್ನ ಗಲ್ಲ ಹಿಡೀತಿರ್ಲಿಲ್ಲ. ಇನ್ನು ಮುಂದೆ ಕಂಡದ್ದು ಹೇಳು. ನಾನು ಬೈದ್ರೂ ಹೇಳು."

ಆ ದಿನದಿಂದ ನಾನು ಬಾಯಿ ಮುಚ್ಚಿದ್ದಿಲ್ಲ. ಜನ ನನ್ನನ್ನು ಒರಟು ಅನ್ನುತ್ತಾರೆ, ಅನ್ನಲಿ. ಸೊಸೆಗೆ ಮಾತಾಡು ಅಂತ ಹೇಳಿದ ಅತ್ತೆ ಆ ಕಾಲದಲ್ಲಿ ಎಷ್ಟು ಮನೆಯಲ್ಲಿ ಇದ್ದರು?

ಆಮೇಲೆ ದಾಟಲು ಶುರು ಮಾಡಿದೆವು. ಬಿಸಿಲು ಇರುವಾಗ ಹತ್ತು ಸಲ, ನಾನು ಒಂದು ಹೆಜ್ಜೆ ಹಿಂದೆ, ಕೈ ಮುಟ್ಟದೆ. ಅತ್ತೆ ಬಾಯಲ್ಲಿ ಹೇಳಿಕೊಳ್ಳುತ್ತಾ ನಡೆಯುತ್ತಿದ್ದರು, "ಕಡಲು ಮೂಡು, ಕಡಲು ಮೂಡು, ಬೆನ್ನಿಗೆ ಮೂಡು, ತೆಂಕು ತೊಳೆಯುವ ಕೈಗೆ." ಹೋಟೆಲಿನ ಬದಿಯಲ್ಲಿ ತಿರುಗಿ, "ಮುಖಕ್ಕೆ ಮೂಡು, ತೆಂಕು ಉಣ್ಣುವ ಕೈಗೆ." ಮೂರನೆಯ ಸಲ ತಪ್ಪಿತು, ಹಳೆಯ ಅಭ್ಯಾಸ ಕುತ್ತಿಗೆಯನ್ನು ಎಳೆಯುತ್ತಿತ್ತು. ಆರನೆಯ ಸಲವೂ ತಪ್ಪಿತು. ಆಮೇಲೆ ತಪ್ಪಲಿಲ್ಲ. ಮೂಲೆಯ ಪಾನ್‌ನವನು ನೋಡಿ ನೋಡಿ, "ಕ್ಯಾ ಆಜೀ, ರೋಡ್ ನಾಪ್ ರಹೀ ಹೋ ಕ್ಯಾ?" ರಸ್ತೆ ಅಳೆಯುತ್ತಿದ್ದೀರಾ ಅಂತ ಕೇಳಿದ.

"ಹಾಂ," ಅಂದರು ಅತ್ತೆ, "ತುಮಾರಾ ದುಕಾನ್ ಬೀಚ್ ಮೇ ಆತಾ. ಕಲ್ ತೋಡೇಗಾ." ನಿನ್ನ ಅಂಗಡಿ ನಡುವೆ ಬರುತ್ತದೆ, ನಾಳೆ ಒಡೆಯುತ್ತಾರೆ ಅಂತ.

ಹೊತ್ತು ಕಂತಿದ ಮೇಲೆ ಮತ್ತೆ ಐದು ಸಲ ದಾಟಿದರು, ಬಿಸಿಲಿನ ಆಸರೆ ಇಲ್ಲದೆ, ಬರೇ ಹಡಗಿನ ಕೂಗಿನ ಮೇಲೆ. ಒಂದೂ ತಪ್ಪಲಿಲ್ಲ. ಮನೆಗೆ ಬಂದು ಚಾಪೆ ಎರಡನ್ನೂ ತಿರುಗಿಸಿ ಹಾಸಿದೆವು. ಅತ್ತೆ ಮಲಗಿ, "ಸೊಂಟ ನೋವು ಇದ್ರಿಂದಲೇ ಇರ್ಬೇಕು" ಅಂದರು. ಸೊಂಟ ನೋವು ಆಮೇಲೂ ಹೋಗಲಿಲ್ಲ.

ಅತ್ತೆ ಅಲ್ಲಿ ಇನ್ನೂ ಒಂಬತ್ತು ವರ್ಷ ಕಾಯಿ ಒಡೆದರು. ಪೈಪಿನ ಕೆಲಸ ಮುಗಿದು ರಸ್ತೆ ಮೊದಲಿನ ಹಾಗೆ ಎರಡು ಕಡೆಯದ್ದಾದಾಗ, "ಈಗ ತಾನೆ ಸರಿಯಾಗಿತ್ತು, ಹಾಳು ಮಾಡಿದ್ರು" ಅಂತ ಒಂದು ವಾರ ಗೊಣಗಿದರು. ಅವರು ಇದ್ದದ್ದರಿಂದ ನನ್ನ ಮೊದಲ ಹೆರಿಗೆಗೆ ನಾನು ಒಬ್ಬಳೇ ಆಗಲಿಲ್ಲ. ಮಗುವಿನ ಮೊದಲ ಸ್ನಾನ ಆದದ್ದು ಅವರ ಕೈಯಲ್ಲಿ, ಆ ಬೆರಳಿಗೆ ಎಲ್ಲ ಕಾಣುತ್ತಿತ್ತು. ಊರಿನ ಜಗಲಿಯ ಮೂಲೆ ಅವರಿಗೆ ಕಡೆವರೆಗೂ ಬೇಕಾಗಲಿಲ್ಲ. ಧನಿಗಳು ಒಂದು ದಿನ ಕೊಟ್ಟರು, ಅದೂ ಸಣ್ಣದಲ್ಲ. ಅವರ ಜಾಗದಲ್ಲಿ ನಾನಿದ್ದರೆ ಕೊಡುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ.

ಧನಿಗಳು ಕೊಟ್ಟ ಆ ದಿನ, ಚಾಪೆ ತಿರುಗಿಸಿದ ಮಾರನೆ ಬೆಳಿಗ್ಗೆ, ಅತ್ತೆ ಚೀಲ ಸಿಕ್ಕಿಸಿಕೊಂಡು ಹೊರಟರು. ನಾನೂ ಬಿಂದಿಗೆ ಹಿಡಿದು ಹಿಂದೆಯೇ ಹೊರಟೆ.

"ನೀನು ಅಂಚಿಗೆ ಬರ್ಬೇಡ," ಅಂದರು. "ನೀನು ಅಲ್ಲಿ ನಿಂತ್ರೆ ನನ್ನ ಕಿವಿ ನಿನ್ನ ಕಡೆಗೆ ಹೋಗ್ತದೆ. ನೋಡ್ಲೂಬೇಡ. ನೋಡ್ತಿದ್ರೆ ನಂಗೆ ಗೊತ್ತಾಗ್ತದೆ."

ಎದುರಿಗೆ ಹೋಟೆಲಿನ ಬಾಗಿಲಲ್ಲಿ ಲೈಟಿನ ಕೆಳಗೆ ಧನಿಗಳು ನಿಂತದ್ದು ಕಂಡಿತು. ನಾನು ಸಾಲಿಗೆ ಹೋಗಿ ರಸ್ತೆಗೆ ಬೆನ್ನು ಹಾಕಿ ನಿಂತೆ. ನನ್ನ ಹಿಂದಿನ ಮರಾಠಿ ಹೆಂಗಸು ರಸ್ತೆಯನ್ನೂ ನನ್ನನ್ನೂ ನೋಡಿ, "ಬಘತ್ ನಾಹೀ ಕಾ?" ನೋಡುವುದಿಲ್ಲವಾ ಅಂತ ಮೆಲ್ಲ ಕೇಳಿದಳು. ಇಲ್ಲ ಅಂತ ತಲೆಯಾಡಿಸಿದೆ. ನನ್ನ ಸರದಿ ಬಂತು. ಬಿಂದಿಗೆ ಇಟ್ಟು ನಲ್ಲಿ ತಿರುಗಿಸಿದೆ. ಒಂದು ಲಾರಿ ಹೋಯಿತು. ಒಂದು ಬಸ್ಸು ಬಂದು, ನಿಧಾನ ಮಾಡದೆ, ಹೋಯಿತು. ಬಿಂದಿಗೆ ಅರ್ಧ ತುಂಬುವಾಗ ಕರಿಕಲ್ಲಿನ ಮೇಲೆ ಟಕ್ ಅಂತ ಕೇಳಿತು, ಮತ್ತೊಂದು ಟಕ್. ನಾನು ಬಿಂದಿಗೆ ಪೂರ್ತಿ ತುಂಬುವವರೆಗೆ ಕಾದೆ, ಎರಡನೆಯದನ್ನೂ ಇಟ್ಟು ತುಂಬಿಸಿದೆ, ಒಂದನ್ನು ಸೊಂಟಕ್ಕೂ ಒಂದನ್ನು ಕೈಗೂ ಎತ್ತಿಕೊಂಡು ಮೇಲೆ ಹೋದೆ.